ಹೆಪ್ಪಿನ ಸೀಸೆ

“ಅತ್ತೀ, ಮುಟ್ಟಬ್ಯಾಡ್ರಿ!”

ಮೋನಮ್ಮ ಒಲೆಯ ಮುಂದಿನಿಂದಲೇ ಕೂಗಿದಳು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಕುಕ್ಕರಿನಿಂದ ತೆಗೆದು ಬುದ್ಧನ ಫೋಟೋದ ಕೆಳಗೆ ಆರಲು ಇಟ್ಟಿದ್ದ ಗಾಜಿನ ಸೀಸೆಯೊಂದು ಅವಳ ಅತ್ತೆ ಮರಿಲಿಂಗಮ್ಮನ ಕೈಯಲ್ಲಿತ್ತು. ಹತ್ತಿಯ ಬಿರಡೆ ಕಿತ್ತು, ಒಳಗೆ ಉಫ್ ಎಂದು ಊದಿ, ಸೆರಗಿನ ತುದಿಯನ್ನು ಸೀಸೆಯ ಬಾಯಿಗೆ ತುರುಕಿ ಗರಗರ ತಿರುವುತ್ತಿದ್ದಳು. ಒಳಗೆ ಹಬೆಯ ಹನಿ ನಿಂತಿವೆ, ಸೊಸೆಗೆ ಪುರುಸೊತ್ತಿಲ್ಲ, ತಾನಾದರೂ ಒರೆಸಿಡೋಣ ಎಂಬುದು ಮುದುಕಿಯ ಲೆಕ್ಕ. ಸೀಸೆ ಫಳಫಳ ಹೊಳೆಯುತ್ತಿತ್ತು. ಕೆಟ್ಟೂ ಹೋಗಿತ್ತು.

ಮೋನಮ್ಮ ಬಿ.ಎಸ್ಸಿ. ಓದಿದವಳು. ಮನೆಯಲ್ಲೇ ಪಾವು ಬ್ರೆಡ್ಡು ಸುಟ್ಟು ಶಹಾಪುರ ಬಸ್ ಸ್ಟ್ಯಾಂಡಿನ ಚಹಾದಂಗಡಿಗಳಿಗೆ ಕೊಡುತ್ತಾಳೆ. ಅಂಗಡಿಯಲ್ಲಿ ಸಿಗುವ ಈಸ್ಟು ಈ ಕಡೆಯ ಬಿಸಿಲಿಗೆ ಪ್ಯಾಕೆಟ್ಟಿನಲ್ಲೇ ಸಾಯುತ್ತದೆ ಎಂದು ತಾನೇ ಬೆಲ್ಲದ ನೀರಿನಲ್ಲಿ ಬೆಳೆಸುತ್ತಾಳೆ. ಅತ್ತೆ ಅದನ್ನು ಹೆಪ್ಪು ಎನ್ನುತ್ತಾಳೆ. ಮೊಸರಿಗೊಂದು ಹೆಪ್ಪು, ಪಾವಿಗೊಂದು ಹೆಪ್ಪು, ತಪ್ಪೇನಿಲ್ಲ. ಆದರೆ ಈ ಹೆಪ್ಪಿಗೆ ನಖರಾ ಬಹಳ. ಸೀಸೆಯನ್ನು ಸೋಪಿನ ನೀರಲ್ಲಿ ಬ್ರಷ್ ಹಾಕಿ ತಿಕ್ಕಬೇಕು, ಜಾಲಾಡಬೇಕು, ಬಾಯಿಗೆ ಹತ್ತಿ ತುರುಕಿ ಕುಕ್ಕರಿನ ಹಬೆಯಲ್ಲಿ ಬೇಯಿಸಬೇಕು, ಬಿರಡೆ ತೆಗೆಯದೆ ಆರಲು ಬಿಡಬೇಕು. ನಡುವೆ ಉಸಿರು, ಬಟ್ಟೆ, ಬೆರಳು ಯಾವುದು ಸೋಕಿದರೂ ಒಳಗೆಲ್ಲ ಹಸಿರು ಬೂಷ್ಟು ಹಿಡಿದು, ಪಾವು ಉಬ್ಬದೆ ಹಂಚಿನ ಹಾಗೆ ಕೂತುಬಿಡುತ್ತದೆ.

ಮರಿಲಿಂಗಮ್ಮ ಸೀಸೆಯನ್ನು ಮೆಲ್ಲಗೆ ಕೆಳಗಿಟ್ಟು ಹೊರಗೆ ಹೋದಳು. ಕಟ್ಟೆಯ ಮೇಲೆ ಕೂತವಳು ಊಟಕ್ಕೆ ಕರೆದರೂ ಏಳಲಿಲ್ಲ. ಮೋನಮ್ಮನಿಗೆ ಮೊದಲು ಸಿಟ್ಟೇ ಬಂತು. ಸೀಸೆ ಕೆಡಿಸಿದ್ದೂ ಅಲ್ಲದೆ ಇಷ್ಟು ಬಿಗುಮಾನವೇ? ರೊಟ್ಟಿಯ ತಾಟು ಹಿಡಿದು ತಾನೇ ಹೊರಗೆ ಬಂದಳು.

“ಉಣ್ರಿ ಅತ್ತಿ. ಅಷ್ಟಕ್ಕ ಏನು ಸಿಟ್ಟು?”

“ಸಿಟ್ಟಲ್ಲವ್ವ.” ಮುದುಕಿ ಓಣಿಯ ಕಡೆ ನೋಡುತ್ತಲೇ ಹೇಳಿದಳು. “ಊರಾಗ ಆ ಮಾತು ಕೇಳಿ ಕೇಳಿ ಮುದುಕಿ ಆದೆ. ಹೊರಗ ಏನರ ಅನ್ಲಿ, ಮನಿಗಿ ಬಂದ್ರ ಯಾರೂ ಅನ್ನಂಗಿಲ್ಲ ಅಂತ ಧೈರ್ಯ ಇತ್ತು. ಇವತ್ತು ಮನ್ಯಾಗೂ ಕೇಳಿದೆ.”

“ಯಾವ ಮಾತ್ರಿ?”

“ಅಂದೆಲ್ಲ ನೀ. ಮುಟ್ಟಬ್ಯಾಡ ಅಂತ.”

ಮೋನಮ್ಮನ ಕೈಯಲ್ಲಿದ್ದ ತಾಟು ಭಾರವಾಯಿತು. ಅವಳದೂ ಅದೇ ಜಾತಿ, ಅಂಥದೇ ಓಣಿ. ಆದರೆ ಹಾಸ್ಟೆಲಿನಲ್ಲಿ ಬೆಳೆದವಳು. ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರು ಎಲ್ಲ ಹುಡುಗಿಯರಿಗೂ ಅದೇ ಮಾತು ಹೇಳುತ್ತಿದ್ದರು, ಯಾರಿಗೂ ಚುಚ್ಚುತ್ತಿರಲಿಲ್ಲ. ಅತ್ತೆಗೆ ಅದು ಎಲ್ಲಿ ತಾಗಿತೆಂದು ಈಗ ತಿಳಿದು ಅವಳಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು. ತಾಟು ಕೆಳಗಿಟ್ಟು, ಪಕ್ಕದಲ್ಲಿ ಕೂತು ತನ್ನ ಎರಡೂ ಅಂಗೈ ತೋರಿಸಿದಳು.

“ಇದ್ರಾಗೂ ಹುಳ ಅದಾವ್ರಿ ಅತ್ತಿ, ಕಣ್ಣಿಗಿ ಕಾಣಂಗಿಲ್ಲ. ತೊಳೀದಿದ್ರ ನಾನೂ ಮುಟ್ಟಬಾರ್ದು.”

“ನಿನ್ನ ಕೈಯಾಗೂ?”

“ಎಲ್ಲಾರ ಕೈಯಾಗೂ.”

“ಗೌಡ್ರ ಕೈಯಾಗೂ?”

“ಗೌಡ್ರ ಕೈಗೇನು ಬ್ಯಾರೆ ತೊಗಲು ಅದೇನ್ರಿ?”

ಮರಿಲಿಂಗಮ್ಮ ತಾಟು ಎಳೆದುಕೊಂಡು ರೊಟ್ಟಿ ಮುರಿದಳು. ಉಂಡಾದ ಮೇಲೆ ಮೊಣಕೈವರೆಗೂ ಸೋಪು ಹಚ್ಚಿ ತೊಳೆದುಕೊಂಡು, ಕೆಟ್ಟ ಸೀಸೆಯನ್ನು ತಾನೇ ತಿಕ್ಕಿದಳು. ಹೊಸ ಹತ್ತಿಯ ಬಿರಡೆ ಮಾಡಿ ಕೊಟ್ಟವಳೂ ಅವಳೇ. ಸಂಜೆಯ ಹೊತ್ತಿಗೆ ಸೀಸೆಗಳೆಲ್ಲ ಕಟ್ಟೆಯ ಹಲಗೆಯ ಮೇಲೆ ಆರುತ್ತಿದ್ದವು.

ಆಗ ಬಸವಂತ್ರಾಯ ಗೌಡರು ಬಂದರು. ಕಾಲುವೆಗೆ ನೀರು ಬಂದಿತ್ತು. ನಾಟಿಗೆ ಆಳು ಬೇಕೆಂದರೆ ಈಗ ಗೌಡರೇ ಓಣಿಗೆ ನಡೆದು ಬರಬೇಕು, ಊರ ಅಗಸೆ ಬಾಗಿಲಲ್ಲಿ ನಿಂತು ಕೂಗಿದರೆ ಓಡಿಹೋಗುವ ಕಾಲ ಮುಗಿದಿತ್ತು.

“ಮರಿಲಿಂಗಿ, ನಾಳಿ ನಾಟಿಗಿ ಮಂದೀನ್ನ ಕರ್ಕೊಂಡು ಬಾ. ಇದೇನು, ಮನ್ಯಾಗ ದವಾಖಾನಿ ಇಟ್ಟೀರೇನು?” ಎನ್ನುತ್ತ ಗೌಡರು ಒಂದು ಸೀಸೆಯ ಬಿರಡೆಗೆ ಕೈ ಚಾಚಿದರು.

ಮೋನಮ್ಮ ಬಾಯಿ ತೆರೆಯುವ ಮೊದಲೇ ಮರಿಲಿಂಗಮ್ಮ ಅಡ್ಡ ಬಂದು ನಿಂತಳು. ಆ ಮಾತು ನಾಲಿಗೆಯ ತುದಿಗೇ ಬಂದಿತ್ತು. ಜೀವಮಾನದಲ್ಲಿ ಒಮ್ಮೆಯಾದರೂ ಗೌಡರಿಗೆ ಅದನ್ನು ಅನ್ನುವ ಆಸೆ ಯಾರಿಗಿರುವುದಿಲ್ಲ? ಅವಳಿಗೂ ಇತ್ತು. ನುಂಗಿಕೊಂಡಳು.

“ತಡೀರಿ ಗೌಡ್ರ. ಮೊದ್ಲ ಕೈ ತೊಳಕೋರಿ. ಇದು ಹೆಪ್ಪು ಹಾಕೋ ಸೀಸೆ, ತೊಳೀಲಾರದ ಕೈ ಹತ್ತಿದ್ರ ಕೆಡ್ತದ. ನಾವೂ ತೊಳಕೊಂಡೇ ಹಿಡೀತೀವಿ.”

ಗೌಡರು ತಬ್ಬಿಬ್ಬಾದರು. ಸೀಸೆಯನ್ನೊಮ್ಮೆ ನೋಡಿದರು, ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು. ಮುದುಕಿ ಆಗಲೇ ತಂಬಿಗೆ ಹಿಡಿದು ನಿಂತಿದ್ದಳು. ಬೇರೆ ದಾರಿ ಕಾಣದೆ ಬಾಗಿ ಬೊಗಸೆ ಒಡ್ಡಿದರು.

ಅವಳು ಎತ್ತರದಿಂದಲೇ ನೀರು ಬಿಟ್ಟಳು. ಹುಡುಗಿಯಾಗಿದ್ದಾಗ ಇದೇ ಗೌಡರ ಬಾವಿಯ ಹತ್ತಿರ ಅವಳು ಹೀಗೇ ಬಾಗಿ ಬೊಗಸೆ ಒಡ್ಡುತ್ತಿದ್ದಳು. ಗೌಡರ ತಾಯಿ ತಂಬಿಗೆ ಎಲ್ಲಿ ತಾಗೀತೋ ಎಂದು ಮೇಲಿನಿಂದ ಹೊಯ್ಯುತ್ತಿದ್ದಳು. ಅರ್ಧ ನೀರು ನೆಲಕ್ಕೆ ಹೋಗುತ್ತಿತ್ತು. ಈಗಲೂ ಹೋಯಿತು. ಗೌಡರ ಧೋತರ ತೊಯ್ದಿತು. ಅವರು ತಲೆ ಎತ್ತಿ ಅವಳ ಮುಖ ನೋಡಿದರು. ಏನೋ ನೆನಪಾಗಿರಬೇಕು, ಮತ್ತೆ ತಲೆ ತಗ್ಗಿಸಿದರು.

ಮರಿಲಿಂಗಮ್ಮ ತಂಬಿಗೆಯನ್ನು ನಿಧಾನವಾಗಿ ಕೆಳಗಿಳಿಸುತ್ತ ಬಂದಳು, ಅದರ ಅಂಚು ಗೌಡರ ಬೆರಳಿಗೆ ತಾಗುವ ತನಕ.

“ಹಿಂಗ ಹಿಡಿದ್ರ ನೀರು ಚೆಲ್ಲಂಗಿಲ್ರಿ ಗೌಡ್ರ,” ಅಂದಳು.