ಗಿಟಾರ್ ಅಳುವ ಜಾಗ

ಆ ಹಳೇ ರಾಕ್ ಹಾಡಿಗೆ ನಮ್ಮೂರಲ್ಲಿ ಒಂದು ಅಭಿಮಾನಿ ಸಂಘವೇ ಇದೆ. ಅಧ್ಯಕ್ಷರು ಲೋಬೋ ಸರ್. ಪ್ರತಿ ಆದಿತ್ಯವಾರ ಅವರ ಮನೆಯ ಟೇಪ್ ರೆಕಾರ್ಡರಿನ ಮುಂದೆ ಹನ್ನೊಂದು ಮಂದಿ ಕಣ್ಣು ಮುಚ್ಚಿ ಕೂರುತ್ತಾರೆ. ನಡುವೆ ಗಿಟಾರ್ ಒಂದೇ ನುಡಿಯುವ ಜಾಗ ಬಂದಾಗ ಎಲ್ಲರೂ ಕರ್ಚೀಫು ತೆಗೆಯಬೇಕು, ಅದು ಸಂಘದ ಪದ್ಧತಿ.

"ಎಷ್ಟು ನಿಧಾನ, ಎಂಥ ದುಃಖ. ಗಿಟಾರಿನವ ತನ್ನ ತಾಯಿ ಸತ್ತ ವಾರ ನುಡಿಸಿರಬೇಕು" ಎಂದು ಅಧ್ಯಕ್ಷರು ಇಪ್ಪತ್ತು ವರ್ಷದಿಂದ ವಿವರಿಸುತ್ತಾ ಬಂದಿದ್ದಾರೆ.

ಕಳೆದ ವಾರ ಟೇಪ್ ರೆಕಾರ್ಡರ್ ನಿಂತೇಹೋಯಿತು. ರಿಪೇರಿ ಅಂಗಡಿಯ ಮೋನಪ್ಪ ಒಳಗಿನ ರಬ್ಬರ್ ಬೆಲ್ಟ್ ಬದಲಾಯಿಸಿ ಅದೇ ಕ್ಯಾಸೆಟ್ ಹಾಕಿದ. ಗಿಟಾರ್ ಮದುವೆ ದಿಬ್ಬಣದ ಹಾಗೆ ಕುಣಿಯುತ್ತಾ ಬಂತು.

"ನನ್ನ ಹಾಡಿಗೆ ಎಂತ ಮಾಡಿದ್ದು ಮಾರಾಯ?" ಎಂದರು ಅಧ್ಯಕ್ಷರು.

"ಹಾಡಿಗೆ ಎಂತದೂ ಮಾಡ್ಲಿಲ್ಲ ಸರ್. ಹಳೇ ಬೆಲ್ಟ್ ಲೂಸಾಗಿ ಇಷ್ಟು ವರ್ಷ ಕ್ಯಾಸೆಟ್ ತೆವಳ್ತಾ ಇತ್ತು. ಹಾಡು ಇರುವುದೇ ಹೀಗೆ."

"ಹಾಗಾದ್ರೆ ತಾಯಿ ಸತ್ತದ್ದು?"

"ಅದು ಬೆಲ್ಟಿನ ವಿಷಯ ಅಲ್ಲ ಸರ್."

"ಸಂಘದವರಿಗೆ ನಾನು ಯಾವ ಮುಖ ತೋರಿಸಲಿ?"

"ಇದ್ದದ್ದು ಇದ್ದ ಹಾಗೆ ಹೇಳಿಬಿಡಿ."

ಅಧ್ಯಕ್ಷರು ಆ ಸಂಜೆಯೇ ಎಲ್ಲರನ್ನೂ ಕರೆಸಿ, ತಲೆ ತಗ್ಗಿಸಿ, ಇದ್ದದ್ದು ಇದ್ದ ಹಾಗೆ ಹೇಳಿದರು. ಒಬ್ಬೊಬ್ಬರಾಗಿ ಎಲ್ಲರೂ ಎದ್ದುಹೋದರು.

ಮರುದಿನ ಮೋನಪ್ಪ ಅಂಗಡಿಯ ಬಾಗಿಲು ತೆಗೆಯುವಾಗ ಹನ್ನೊಂದು ಮಂದಿ ತಂತಮ್ಮ ಟೇಪ್ ರೆಕಾರ್ಡರ್ ಹಿಡಿದು ಸಾಲಾಗಿ ನಿಂತಿದ್ದರು.

"ಮನೆಯಲ್ಲಿ ಕೇಳಿದ್ರೆ ಅಳು ಯಾಕೆ ಬರುವುದಿಲ್ಲ ಅಂತ ಈಗ ಗೊತ್ತಾಯ್ತು" ಎಂದರು ಮೊದಲು ನಿಂತವರು. "ನಮ್ಮದರ ಬೆಲ್ಟೂ ಸ್ವಲ್ಪ ಲೂಸ್ ಮಾಡಿಕೊಡು."