ಅರ್ಧಕ್ಕೆ ಕತ್ತರಿಸಿದ ಕಾಯಿಲ್

ಇಸ್ತ್ರಿಪೆಟ್ಟಿಗೆ ಕಾದು ದೂಳು ಸುಟ್ಟ ವಾಸನೆ ಬಂದರೆ ಈಗಲೂ ನನಗೆ ಸುಗಟೂರಿನ ನಮ್ಮ ರೇಷ್ಮೆಹುಳದ ಮನೆ ನೆನಪಾಗುತ್ತದೆ.

ಆ ಮಧ್ಯಾಹ್ನ ಚಳಿಗೆ ಹುಳುಗಳು ಸೊಪ್ಪು ಮುಟ್ಟುತ್ತಿರಲಿಲ್ಲ. ಹೀಟರಿನ ಕಾಯಿಲ್ ಕೆಂಪಾಗುತ್ತಲೇ ಇರಲಿಲ್ಲ. "ಓಲ್ಟೇಜು ಅರ್ಧ ಐತೆ, ಶಾಖಾನೂ ಅರ್ಧ ಬರ್ಬೇಕಲ್ಲೇ?" ಎಂದ ಅಪ್ಪ. ಪಿಯುಸಿ ಓದುತ್ತಿದ್ದ ಅಕ್ಕ ಸುಣ್ಣದ ಚೂರಿನಿಂದ ನೆಲದ ಮೇಲೆ ಲೆಕ್ಕ ಬರೆದಳು. "ಓಲ್ಟೇಜು ಅರ್ಧ ಆದ್ರೆ ಕರೆಂಟೂ ಅರ್ಧ ಆಗ್ತೈತಪ್ಪ. ಎರಡನ್ನೂ ಗುಣಿಸಿದ್ರೆ ಶಾಖ ಕಾಲು ಭಾಗಾನೇ."

ಊರಲ್ಲಿ ಎಲ್ಲರೂ ಮಾಡುವಂತೆ ಅಪ್ಪ ಕಾಯಿಲನ್ನು ಅರ್ಧಕ್ಕೆ ಕತ್ತರಿಸಿ ಸಿಕ್ಕಿಸಿದ. ಅದು ಕೆಂಪಾಯಿತು. "ರೆಸಿಸ್ಟೆನ್ಸ್ ಅರ್ಧ ಆಯ್ತು. ಫುಲ್ ಓಲ್ಟೇಜು ಬಂದ್ರೆ ನಾಲ್ಕರ ಬದಲು ಎಂಟು ಆಂಪಿಯರ್ ಎಳೀತೈತೆ, ಸುಟ್ಟೋಗ್ತೈತೆ. ಆರಿಸೋಕೆ ನಾನಿಲ್ಲೇ ಇರ್ತೀನಿ," ಎಂದಳು ಅಕ್ಕ.

ಅಷ್ಟರಲ್ಲಿ ಮುಳಬಾಗಿಲಿನಿಂದ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಅಕ್ಕ ಸೀರೆ ಉಟ್ಟು ನಡುಮನೆಯ ಚಾಪೆಯ ಮೇಲೆ ಕುಳಿತಳು.

"ಇನ್ನೂ ಓದ್ತಾಳಾ?" ಗಂಡಿನ ತಾಯಿ ಕೇಳಿದರು.

"ಬಿಡಿಸ್ಬಿಡ್ತೀವಿ," ಎಂದ ಅಪ್ಪ.

ಮಂಕಾಗಿ ಉರಿಯುತ್ತಿದ್ದ ಬಲ್ಬು ಇದ್ದಕ್ಕಿದ್ದಂತೆ ಬೆಳ್ಳಗಾಯಿತು. ಅಕ್ಕ ತಲೆ ಎತ್ತಿ ಅದನ್ನೇ ನೋಡಿದಳು.

"ತಲೆ ಬಗ್ಗಿಸೇ," ಅಮ್ಮ ಪಿಸುಗುಟ್ಟಿದಳು.

ಅಕ್ಕ ಬಗ್ಗಿಸಿದಳು. ಹುಳದ ಮನೆಯಿಂದ ಸುಟ್ಟ ವಾಸನೆ ಬಂದಾಗಲೂ ಎತ್ತಲಿಲ್ಲ.