ಕವರಿನ ಮೇಲಿನ ಹೆಸರು

ಆ ಆಫೀಸಿನಲ್ಲಿ ಹೊಸ ವರ್ಷದ ಮೊದಲ ದಿನ ಎಲ್ಲರೂ ತಮ್ಮ ಗುರಿಯನ್ನು ಚೀಟಿಯಲ್ಲಿ ಬರೆದು, ಕವರಿಗೆ ಹಾಕಿ ಅಂಟಿಸಿ ಕೊಡಬೇಕು. ಡಿಸೆಂಬರಿನ ಕೊನೆಯ ದಿನ ಸಾಹೇಬರು ಒಬ್ಬೊಬ್ಬರ ಹೆಸರು ಕರೆದು ಕವರ್ ಒಡೆಯುತ್ತಾರೆ. ಟಪಾಲು ವಿಭಾಗದ ಅವಳು ಒಂದೇ ಸಾಲು ಬರೆದಿದ್ದಳು: ‘ಈ ವರ್ಷ ಇಲ್ಲಿ ಒಬ್ಬರಾದರೂ ನನ್ನನ್ನು ಹೆಸರು ಹಿಡಿದು ಕರೆಯಬೇಕು.’

ದಿನಕ್ಕೆ ನೂರು ಕವರುಗಳ ಮೇಲೆ ಊರವರ ಹೆಸರನ್ನೆಲ್ಲ ಬರೆಯುವವಳನ್ನು ಹನ್ನೊಂದು ವರ್ಷದಿಂದ ಎಲ್ಲರೂ ಕರೆಯುತ್ತಿದ್ದುದು ‘ಟಪಾಲ್ ಮೇಡಂ’ ಎಂದೇ. ಈ ವರ್ಷವೂ ಅಷ್ಟೇ ಆಯಿತು. ಆದರೂ ಕೊನೆಯ ದಿನವೊಂದು ಉಳಿದಿತ್ತಲ್ಲ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಳು.

ಸಾಹೇಬರು ಅವಳ ಕವರ್ ಎತ್ತಿಕೊಂಡರು.

“ವಾರಿಜಾಕ್ಷಿ.”

ಅವಳು ಎದ್ದು ನಿಂತಳು. ಸಾಹೇಬರು ಕನ್ನಡಕ ಸರಿಮಾಡಿಕೊಂಡು ಸುತ್ತ ನೋಡಿದರು. “ಯಾರ್ರೀ ಇದು?”

“ವರ್ಗ ಆಗಿ ಹೋದೋರು ಇರ್ಬೇಕು ಸಾರ್,” ಎಂದರು ಯಾರೋ.

ಸಾಹೇಬರು ಕವರನ್ನು ಒಡೆಯದೆ ಅವಳ ಕಡೆಗೇ ಚಾಚಿದರು. “ಹೇಗೂ ಎದ್ದಿದೀರಲ್ಲ ಟಪಾಲ್ ಮೇಡಂ, ಇವರು ಈಗ ಎಲ್ಲಿದಾರೆ ನೋಡಿ ಕಳಿಸಿಬಿಡಿ.”

“ಆಗ್ಲಿ ಸಾರ್,” ಎಂದಳು ಅವಳು, “ಇವತ್ತಿನ ಟಪಾಲಿಗೇ ಹಾಕ್ತೀನಿ.”